ಕಟ್ಟೆ ಹತ್ತಿ ಹೇಳಿದ ಮಾತು

ಮುಟ್ಟು ನಿಂತು ಎಷ್ಟೋ ವರ್ಷವಾದ ಮೇಲೆ ನನಗೆ ಮತ್ತೆ ರಕ್ತ ಕಾಣಿಸಿಕೊಂಡಿತು. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಟ್ಟಿದ್ದಕ್ಕೆ ಯಾರಾದರೂ ಮೂಗು ಮುರಿಯುವುದಿದ್ದರೆ ಮುರಿಯಲಿ. ಸುತ್ತಿ ಬಳಸಿ ಹೇಳಿಸಿದ್ದಕ್ಕೇ ನನ್ನ ಜೀವ ಹೋಗುವುದರಲ್ಲಿತ್ತು. ಇನ್ನು ಮೇಲೆ ಆ ಕೆಲಸ ನನ್ನಿಂದಾಗದು.

ನನ್ನ ಹೆಸರು ಶಿವರುದ್ರಮ್ಮ. ಊರಿನವರು ಬೆನ್ನ ಹಿಂದೆ ಬಾಯಿಬಡುಕಿ ಅನ್ನುತ್ತಾರೆ. ಅನ್ನಲಿ. ಗಂಡ ತೀರಿಕೊಂಡ ಮೇಲೆ ಕಡ್ಲೆಕಾಯಿ ಹೊಲ, ಎಮ್ಮೆ, ಮಗ ಮಲ್ಲೇಶನ ಓದು, ಅವನ ಮದುವೆ, ಎಲ್ಲವನ್ನೂ ಈ ಬಾಯಿಂದಲೇ ನಿಭಾಯಿಸಿದವಳು ನಾನು. ಮಂಡಿಯವನು ತೂಕದಲ್ಲಿ ಕೈಚಳಕ ತೋರಿಸಿದಾಗ ತಕ್ಕಡಿಯನ್ನೇ ಹಿಡಿದು ಕೂತವಳು. ಕೈ ಅಡ್ಡ ಹಾಕಿದರೂ ನಿಲ್ಲಿಸದೆ ಹೋದ ಬಸ್ಸಿನ ಕಂಡಕ್ಟರನನ್ನು ಮಾರನೆಯ ದಿನ ಕಾದು ನಿಂತು ಬೈದವಳು. ಅಂಥವಳು ಈ ಒಂದು ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡೆ. ಸೊಸೆ ಭವ್ಯಳ ಕಿವಿಯಲ್ಲಿ ಹೇಳಿದೆ. ಅವಳು ಗಂಡನ ಕಿವಿಯಲ್ಲಿ ಹೇಳಿದಳು. ಅವನು ಗುರುವಾರ ಬಸವಣ್ಣನ ಗುಡಿ ಕಟ್ಟೆ ಹತ್ತಿ ಟ್ಯಾಬಿನೊಳಗಿನ ಡಾಕ್ಟರಿಗೆ ಹೇಳಬೇಕಾಗಿತ್ತು. ನಮ್ಮೂರಿನಲ್ಲಿ ಹೆಂಗಸರ ಕಾಯಿಲೆ ಡಾಕ್ಟರನ್ನು ಮುಟ್ಟುತ್ತಿದ್ದದ್ದು ಈ ದಾರಿಯಲ್ಲಿ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಊರು ಪಾವಗಡ ತಾಲ್ಲೂಕಿನದು, ನಿಡುಗಲ್ ಬೆಟ್ಟದ ಮರೆಯಲ್ಲಿದೆ. ಊರಾಚೆ ಕಣ್ಣು ಹಾಯಿಸಿದಷ್ಟೂ ಸೋಲಾರ್ ಪ್ಲೇಟುಗಳು. ಅಷ್ಟೆಲ್ಲ ಕರೆಂಟು ಇಲ್ಲಿಂದ ಹೋಗುತ್ತದೆ, ಆದರೆ ಊರೊಳಗೆ ಫೋನಿಗೆ ಸಿಗ್ನಲ್ ಬರುವುದಿಲ್ಲ, ಬೆಟ್ಟ ಅಡ್ಡ. ಸಿಗುವುದು ಒಂದೇ ಕಡೆ, ಬಸವಣ್ಣನ ಗುಡಿ ಮುಂದಿನ ಅರಳಿಕಟ್ಟೆಯ ಮೇಲೆ. ಅದು ಆಳೆತ್ತರದ ಕಲ್ಲುಕಟ್ಟೆ. ಮೆಟ್ಟಿಲು ಇಳಿದರೆ ಸಿಗ್ನಲ್ ಹೋಯಿತು.

ಆ ಕಟ್ಟೆಯನ್ನು ಹೆಂಗಸರು ಹತ್ತುವಂತಿಲ್ಲ. ಕೆಳಗಿನ ಕೇರಿಯವರು ಗಂಡಸರಾದರೂ ಹತ್ತುವಂತಿಲ್ಲ. ಎಲ್ಲೂ ಬರೆದು ಹಾಕಿಲ್ಲ, ಬರೆಯುವ ಅಗತ್ಯವೇ ಬಿದ್ದಿರಲಿಲ್ಲ.

ಇಂಥ ಊರಿಗೆ ಸಹನಾ ಬಂದಳು. ಆರೋಗ್ಯ ಉಪಕೇಂದ್ರದ ಹೊಸ ಅಧಿಕಾರಿ, ನರ್ಸಿಂಗ್ ಓದಿದ ಹುಡುಗಿ, ಸಿರಾ ತಾಲ್ಲೂಕಿನ ಬರಗೂರಿನ ಕಡೆಯವಳು. ತಂದೆ ಚಿಕ್ಕನರಸಯ್ಯ ಮೇಷ್ಟ್ರು, ಮನೆಯಲ್ಲಿ ಪೂಜೆಗೆ ಬುದ್ಧನ ಫೋಟೋ ಎಂದು ಕೇಳಿ ತಿಳಿದುಕೊಂಡ ನಮ್ಮವರು ಅವಳು ಯಾವ ಕೇರಿಯವಳು ಎಂದು ಸಂಜೆಯೊಳಗೆ ಲೆಕ್ಕ ಹಾಕಿ ಮುಗಿಸಿದರು. ಅವಳ ಕೈಗೆ ಸರ್ಕಾರ ಒಂದು ಟ್ಯಾಬು ಕೊಟ್ಟಿತ್ತು. ಗುರುವಾರ ಗುರುವಾರ ಅದರಲ್ಲಿ ಮಧುಗಿರಿಯಿಂದ ಡಾಕ್ಟರ್ ಶ್ರೀಲತಾ ಮುಖ ತೋರಿಸಿ ಮಾತಾಡುತ್ತಿದ್ದರು. ರೋಗಿಯನ್ನು ನೋಡಿ, ಕೇಳಿ, ಔಷಧಿ ಹೇಳುತ್ತಿದ್ದರು. ಹೆಚ್ಚಿನದೇನಾದರೂ ಇದ್ದರೆ ಅಲ್ಲಿಗೇ ಬರಲು ಚೀಟಿ ಕಳಿಸುತ್ತಿದ್ದರು.

ಟ್ಯಾಬಿಗೆ ಸಿಗ್ನಲ್ ಬೇಕು, ಸಿಗ್ನಲ್ ಕಟ್ಟೆಯ ಮೇಲಿದೆ, ಸಹನಾ ಕಟ್ಟೆ ಹತ್ತುವಂತಿಲ್ಲ. ನನ್ನ ಭಾವ, ಅಂದರೆ ಗಂಡನ ಅಣ್ಣ ಮಲ್ಲಿಕಾರ್ಜುನಯ್ಯ, ಇದಕ್ಕೊಂದು ಏರ್ಪಾಡು ಮಾಡಿದರು. ಗುಡಿಯ ಪೂಜೆ ಅವರದೇ, ಕಟ್ಟೆಯ ಯಜಮಾನಿಕೆಯೂ ಅವರದೇ. ಸಹನಾ ಕೆಳಗೆ ಬೇವಿನ ಮರದಡಿ ಔಷಧಿ ಡಬ್ಬಿ, ಬಿಪಿ ಮಿಷನ್ನು ಇಟ್ಟುಕೊಂಡು ಕೂರುವುದು. ಓದಿದ ಹುಡುಗ, ನನ್ನ ಮಗ ಮಲ್ಲೇಶ, ಟ್ಯಾಬು ಹಿಡಿದು ಕಟ್ಟೆಯ ಮೇಲೆ ಕೂರುವುದು. ಗಂಡಸರು ಮೇಲೆ ಹೋಗಿ ತಾವೇ ಮಾತಾಡುವುದು. ಹೆಂಗಸರ ತೊಂದರೆಯನ್ನು ಅವರವರ ಮನೆ ಗಂಡಸರು ಮಲ್ಲೇಶನಿಗೆ ತಿಳಿಸುವುದು, ಮಲ್ಲೇಶ ಡಾಕ್ಟರಿಗೆ ತಿಳಿಸಿ, ಔಷಧಿ ಹೆಸರನ್ನು ಕೂಗಿ ಕೆಳಗೆ ಹೇಳುವುದು. ಟ್ಯಾಬನ್ನು ಬೇರೆಯವರ ಕೈಗೆ ಕೊಡಬಾರದೆಂದು ಸಹನಾ ಮೊದಲ ವಾರ ಹೇಳಿ ನೋಡಿದಳಂತೆ. ಹಾಗಾದರೆ ಟ್ಯಾಬೇ ಬೇಡ, ತಗೊಂಡು ಹೋಗು ಎಂದರಂತೆ. ಊರಿನ ಕಾಯಿಲೆಯವರ ಮುಖ ನೋಡಿ ಆ ಹುಡುಗಿ ಸುಮ್ಮನಾದಳು.

ಏನೋ ಒಂದು ದಾರಿಯಾಯಿತಲ್ಲ ಎಂದು ಎಲ್ಲರಿಗೂ ಸಮಾಧಾನ. ನನಗೂ ಸಮಾಧಾನವಾಗಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಮಗ ಡಾಕ್ಟರ ಜೊತೆ ಠೀವಿಯಿಂದ ಮಾತಾಡುವುದನ್ನು ದೂರದಿಂದ ನೋಡಿ ಹಿಗ್ಗುತ್ತಿದ್ದೆ.

ಭವ್ಯಳ ಕಿವಿಯಲ್ಲಿ ಹೇಳಿದ ಗುರುವಾರ ಮಲ್ಲೇಶ ಮಾತ್ರೆ ತಂದುಕೊಟ್ಟ. ಊಟಕ್ಕೆ ಮುಂಚೆ ತಗೋಬೇಕು, ಕಡ್ಲೆಕಾಯಿ ತಿನ್ನಬಾರದಂತೆ ಎಂದ. ರಕ್ತಕ್ಕೂ ಕಡ್ಲೆಕಾಯಿಗೂ ಏನು ಸಂಬಂಧವೋ, ದೊಡ್ಡವರಿಗೆ ಗೊತ್ತಿರುತ್ತದೆ ಎಂದುಕೊಂಡು ಬಿಟ್ಟೆ. ಮಾತ್ರೆ ಮುಗಿಯಿತು, ರಕ್ತ ನಿಲ್ಲಲಿಲ್ಲ. ಮತ್ತೆ ಹೇಳಿಸಿದೆ, ಮತ್ತೆ ಅದೇ ಮಾತ್ರೆ. ಹೊಲದಲ್ಲಿ ಬಗ್ಗಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಬಟ್ಟೆ ಒಗೆಯುವುದನ್ನು ಯಾರೂ ನೋಡದಿರಲಿ ಎಂದು ಬೆಳಕು ಹರಿಯುವ ಮುಂಚೆಯೇ ಕೆರೆಗೆ ಹೋಗುತ್ತಿದ್ದೆ. ಆ ವಯಸ್ಸಿನಲ್ಲಿ ಹೊಸದಾಗಿ ದೊಡ್ಡವಳಾದ ಹುಡುಗಿಯಷ್ಟು ನಾಚಿಕೊಂಡು ಓಡಾಡಿದ್ದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಒಂದು ಬೆಳಿಗ್ಗೆ ಸಹನಾ ಮನೆಮನೆ ಸುತ್ತುತ್ತ ನಮ್ಮಲ್ಲಿಗೂ ಬಂದಳು. ಜಗಲಿಯಲ್ಲಿ ಕೂರಿಸಿದೆ. ರೆಪ್ಪೆ ಇಳಿಸಿ ಕಣ್ಣು ನೋಡಿದಳು, ಉಗುರು ನೋಡಿದಳು, ಬಿಳಿಚಿಕೊಂಡಿದ್ದೀರಿ ಎಂದಳು. ಆಮೇಲೆ ಕೇಳಿದಳು, “ಗ್ಯಾಸ್ ಈಗ ಕಮ್ಮಿ ಆಗೈತಾ ಅಮ್ಮ?”

“ಯಾವ ಗ್ಯಾಸು?”

“ಹೊಟ್ಟೆನೋವು, ಗ್ಯಾಸು ಅಂತ ಹೇಳಿ ಎರಡು ಸಲ ಮಾತ್ರೆ ತಗೊಂಡ್ರಲ್ಲ.”

ಸೊಸೆಗೂ ಪಿಸುಗುಟ್ಟಿಯೇ ಹೇಳಿದ್ದನ್ನು ಆ ಹುಡುಗಿಗೆ ನೆಟ್ಟಗೆ ಹೇಳಿದೆ. ಸಹನಾಳ ಮುಖ ಇಳಿದುಹೋಯಿತು. ಮುಟ್ಟು ನಿಂತ ಮೇಲೆ ರಕ್ತ ಹೋದರೆ ಒಂದು ದಿನವೂ ಕಾಯಬಾರದು, ಗರ್ಭಕೋಶವನ್ನು ಪರೀಕ್ಷೆ ಮಾಡಿಸಲೇಬೇಕು, ಕ್ಯಾನ್ಸರೂ ಇರಬಹುದು, ಇಲ್ಲದೆಯೂ ಇರಬಹುದು ಎಂದಳು. ನಮ್ಮೂರ ಹೆಂಗಸರಿಗೆಲ್ಲ ಯಾಕೆ ಗ್ಯಾಸೇ ಆಗುತ್ತದೆ ಎಂದು ತನಗೂ ಅನುಮಾನವಿತ್ತಂತೆ. ಈ ಕಡೆಯವರು ಕಡ್ಲೆಕಾಯಿ ಜಾಸ್ತಿ ತಿಂತಾರಾ ಎಂದು ಡಾಕ್ಟರೇ ಒಮ್ಮೆ ನಕ್ಕು ಕೇಳಿದ್ದರಂತೆ.

ಸಂಜೆ ಮಲ್ಲೇಶನನ್ನು ಹಿಡಿದು ಕೂರಿಸಿದೆ. ಮೊದಲು ತಡವರಿಸಿದ, ಆಮೇಲೆ ಅವನಿಗೇ ಸಿಟ್ಟು ಬಂತು. “ನಾನ್ ಹೆಂಗವ್ವ ಹೇಳ್ಲಿ ಅದ್ನ? ದೊಡ್ಡಪ್ಪ ಪಕ್ಕದಾಗೇ ಕೂತಿರ್ತಾರೆ, ಊರಿಗೆ ಊರೇ ಕಿವಿ ಕೊಟ್ಕಂಡು ಕೂತಿರ್ತದೆ. ಆಕಡೆ ಇರೋರು ಲೇಡಿ ಡಾಕ್ಟ್ರು. ನಮ್ಮವ್ವಂಗೆ ಇಂಗೆ ಅಂತ ಬಾಯ್ ಬುಟ್ಟು ಹೇಳೋಕಾಯ್ತದಾ?”

ಬೇರೆ ಹೆಂಗಸರದ್ದೆಲ್ಲ ಏನು ಹೇಳುತ್ತಿದ್ದೆ ಎಂದು ಕೇಳಿದೆ. ತಲೆ ತಗ್ಗಿಸಿದ. ಅವರ ಗಂಡಂದಿರು ಇವನಿಗೆ ಹೇಳುವಾಗಲೇ ಹೊಟ್ಟೆನೋವು ಎಂದಿರುತ್ತಿದ್ದರು. ಕೆಲವರು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು. ಬಿಳಿ ಹೋಗುವುದು, ಕೆಳಗೆ ಗಡ್ಡೆ ಜಾರುವುದು, ಉರಿ, ಮೊಲೆಯಲ್ಲಿ ಗಂಟು, ಎಲ್ಲವೂ ಕಟ್ಟೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಹೊಟ್ಟೆನೋವಾಗುತ್ತಿತ್ತು. ನನ್ನ ಮಗ ಕೆಟ್ಟವನಲ್ಲ. ಜ್ವರ ಬಂದರೆ ರಾತ್ರಿಯೆಲ್ಲ ಕಾಲು ಒತ್ತುವವನು. ಆದರೆ ಅವ್ವನ ಜೀವಕ್ಕಿಂತ ಅವ್ವನ ಮರ್ಯಾದೆ ದೊಡ್ಡದು ಎಂದು ಅವನಿಗೆ ಯಾರೋ ಕಲಿಸಿಬಿಟ್ಟಿದ್ದರು. ಹಾಗೆ ಕಲಿಸಿದವರಲ್ಲಿ ನಾನೂ ಇದ್ದೆನೋ ಏನೋ. ಅದಕ್ಕೇ ಅವನಿಗೆ ಹೊಡೆಯಲಿಲ್ಲ. ಹೊಡೆಯುವಷ್ಟು ಸಿಟ್ಟು ಮಾತ್ರ ಇತ್ತು.

ಮಾರನೆಯ ದಿನ ಗುರುವಾರ. ಸಹನಾ ಬೆಳಿಗ್ಗೆಯೇ ಬಂದು, ತನ್ನ ಸ್ಕೂಟಿಯ ಮೇಲೆ ರೋಡಿನವರೆಗೆ ಹೋಗೋಣ, ಸೋಲಾರ್ ಪ್ಲೇಟು ದಾಟಿದರೆ ಸಿಗ್ನಲ್ ಸಿಗುತ್ತದೆ, ಅಲ್ಲಿ ಯಾರೂ ಇರುವುದಿಲ್ಲ, ಡಾಕ್ಟರಿಗೆ ಎಲ್ಲ ಹೇಳಿ ಮಧುಗಿರಿಗೆ ಚೀಟಿ ಹಾಕಿಸೋಣ ಎಂದಳು. ಒಳ್ಳೆಯ ಮಾತೇ. ನನ್ನೊಬ್ಬಳ ವಿಷಯವಾಗಿದ್ದರೆ ಅಷ್ಟು ಸಾಕಾಗಿತ್ತು.

ಆದರೆ ಕೆಳಗಿನ ಕೇರಿಯ ಚಿಕ್ಕಹನುಮಕ್ಕನ ನೆನಪಾಯಿತು. ನನ್ನ ಹೊಲಕ್ಕೆ ಕಳೆ ಕೀಳಲು ಬರುವವಳು, ನನಗಿಂತ ದೊಡ್ಡವಳು. ಗರ್ಭಕೋಶ ಜಾರಿ, ಬಟ್ಟೆ ಕಟ್ಟಿಕೊಂಡು ಕಾಲಗಲಿಸಿ ನಡೆಯುತ್ತಾಳೆ. ಅವಳ ಸಂಕಟವೂ ಗ್ಯಾಸೇ ಆಗಿತ್ತು. ಅವಳಿಗೆ ಸ್ಕೂಟಿಯ ಮೇಲೆ ಕೂರುವುದಕ್ಕಾಗುವುದಿಲ್ಲ. ಅದೂ ಅಲ್ಲದೆ, ಕದ್ದ ಮಾಲು ಮಾರುವವರ ಹಾಗೆ ನಾನು ಯಾಕೆ ಪ್ಲೇಟುಗಳ ಮರೆಗೆ ಹೋಗಿ ನನ್ನ ಮೈಯ ಸುದ್ದಿ ಹೇಳಬೇಕು? ಸಿಟ್ಟು ನೆತ್ತಿಗೇರಿತು.

“ಟ್ಯಾಬ್ ಕಟ್ಟೆಗೇ ಬರ್ಲಿ ಬುಡು ತಾಯಿ,” ಎಂದೆ. “ನಾನೂ ಅಲ್ಲಿಗೇ ಬತ್ತೀನಿ.”

ತಲೆಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಮದುವೆಗೆ ಉಡುವ ಸೀರೆ ಉಟ್ಟು ಹೊರಟೆ. ಭವ್ಯ ಬಾಗಿಲಲ್ಲಿ ನಿಂತು, ಬೇಡ ಅತ್ತೆ ಎಂದು ಒಮ್ಮೆ ಹೇಳಿದಳು. ಆಮೇಲೆ ಚಪ್ಪಲಿ ಮೆಟ್ಟಿ ಹಿಂದೆಯೇ ಬಂದಳು.

ಕಟ್ಟೆಯ ಮೇಲೆ ದೊಡ್ಡರಂಗಪ್ಪ, ಪ್ರಭುದೇವ್ ಮೊದಲಾಗಿ ಗಂಡಸರೆಲ್ಲ ಕೂತಿದ್ದರು. ಯಾರದ್ದೋ ಮಂಡಿನೋವಿನ ಮಾತು ಮುಗಿದಿತ್ತು. ನಾನು ಚಪ್ಪಲಿ ಕೆಳಗೆ ಬಿಟ್ಟು ಮೆಟ್ಟಿಲು ಹತ್ತಿದೆ. ಮಗನನ್ನು ಕರೆಯಲು ಬಂದವಳೇನೋ ಎನ್ನುವ ಹಾಗೆ ಎಲ್ಲರೂ ನೋಡಿದರು. ಕೊನೆಯ ಮೆಟ್ಟಿಲನ್ನೂ ಹತ್ತಿ ಕಲ್ಲಿನ ಮೇಲೆ ಕೂತೇಬಿಟ್ಟೆ.

ಭಾವ ಎದ್ದು ನಿಂತರು. ನಮ್ಮಲ್ಲಿ ತಮ್ಮನ ಹೆಂಡತಿಯ ಜೊತೆ ಭಾವ ನೇರವಾಗಿ ಮಾತಾಡುವುದಿಲ್ಲ, ಅವಳೂ ಆಡುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ಅವರು ನನಗೆ ಹೇಳಬೇಕಾದದ್ದನ್ನೆಲ್ಲ ಗೋಡೆಗೋ, ಮಗುವಿಗೋ, ಎಮ್ಮೆಗೋ ಹೇಳಿದ್ದಾರೆ. ಆವತ್ತೂ ಮಲ್ಲೇಶನ ಕಡೆ ತಿರುಗಿದರು. “ಲೇ ಮಲ್ಲೇಶ, ನಿಮ್ಮವ್ವಂಗೆ ಏನಾಗೈತೆ? ಕೆಳಕ್ಕೆ ಇಳಿಯಾಕೆ ಹೇಳು.”

ಮಲ್ಲೇಶ ಬಾಯಿ ತೆರೆಯುವ ಮೊದಲೇ ನಾನು ಉತ್ತರ ಕೊಟ್ಟೆ. “ನಂಗೇ ಹೇಳಿ ಭಾವ. ನಂಗೆ ಕಿವಿ ಕೇಳ್ತದೆ.”

ಅವರು ಮರದ ಕಡೆ ನೋಡಿಕೊಂಡು, ಮೈಲಿಗೆ, ಬಸವಣ್ಣನ ಸನ್ನಿಧಿ ಎಂದೇನೋ ಗೊಣಗಿದರು. ನಾನು ಸೆರಗಿನೊಳಗಿನ ಲಿಂಗದ ಕರಡಿಗೆಯನ್ನು ಎತ್ತಿ ತೋರಿಸಿದೆ. ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ ಎಂದು, ನಾನು ಸೊಸೆಯಾಗಿ ಬಂದ ವರ್ಷ ಇದೇ ಗುಡಿಯಲ್ಲಿ ಬಂದವರಿಗೆಲ್ಲ ಬೋಧನೆ ಮಾಡುತ್ತಿದ್ದವರು ಇವರ ಅಪ್ಪ, ನನ್ನ ಮಾವ. ಹೆಣದ ಸೂತಕವಿಲ್ಲ, ಹೆರಿಗೆಯ ಸೂತಕವಿಲ್ಲ, ಮುಟ್ಟಿನ ಸೂತಕವಿಲ್ಲ ಎಂದು ಬೆರಳು ಮಡಚಿ ಹೇಳುತ್ತಿದ್ದರು. ಅವರ ಮಾತು ಸುಳ್ಳಾದರೆ ಹೇಳಿ, ಈಗಲೇ ಇಳಿಯುತ್ತೇನೆ ಎಂದೆ. ಭಾವ ಗುಡಿಯ ಕಡೆ ಮುಖ ತಿರುಗಿಸಿದರು.

ಆಮೇಲೆ ಸಹನಾಳನ್ನು ಕರೆದೆ. ಕಟ್ಟೆಯ ಮೇಲೆ ಗುಜುಗುಜು ಎದ್ದಿತು. ನಾನು ಹತ್ತಿದ್ದಕ್ಕಿಂತ ಅವಳು ಹತ್ತುವುದು ಅವರಿಗೆ ದೊಡ್ಡದಾಗಿತ್ತು, ಸುಳ್ಳು ಹೇಳಿ ಏನು ಪ್ರಯೋಜನ. ಅವಳು ಬೇವಿನ ಮರದಡಿಯಿಂದ ಎದ್ದು ಬಂದಳು. ಮೇಲಿನಿಂದ ಕೈ ಕೊಟ್ಟೆ. ಕೈ ಬೇಡಮ್ಮ ಎಂದು ತಾನೇ ಮೆಟ್ಟಿಲು ಹತ್ತಿದಳು. ನೇರ ಮಲ್ಲೇಶನ ಮುಂದೆ ಹೋಗಿ ನಿಂತು, “ಟ್ಯಾಬ್ ಕೊಡಿ. ಇದು ನನ್ನ ಕೆಲ್ಸ,” ಎಂದಳು. ಅವನು ಕೊಟ್ಟುಬಿಟ್ಟ.

ರೋಗಿಯ ಮಾತು ಗುಟ್ಟಿನದು, ದಯವಿಟ್ಟು ಎಲ್ಲರೂ ಸ್ವಲ್ಪ ಹೊತ್ತು ಕೆಳಗಿರಿ ಎಂದು ಸಹನಾ ಕೇಳಿಕೊಂಡಳು. ಒಬ್ಬರೂ ಅಲುಗಲಿಲ್ಲ. ಜನರಿದ್ದರೆ ಹೆಂಗಸು ನಾಚಿಕೊಂಡು ತಾನೇ ಎದ್ದು ಹೋಗುತ್ತಾಳೆ ಎನ್ನುವ ಲೆಕ್ಕ. ಆ ಲೆಕ್ಕ ನನಗೂ ಗೊತ್ತಿತ್ತು, ಇಷ್ಟು ವರ್ಷ ನಾನೂ ಅದರೊಳಗೇ ಬದುಕಿದವಳು. ಇರಲಿ ಬಿಡು, ಕೂತಿರಲಿ ಎಂದೆ.

ಟ್ಯಾಬಿನಲ್ಲಿ ಕನ್ನಡಕ ಹಾಕಿಕೊಂಡ ಮುಖ ಕಾಣಿಸಿತು. ಏನು ತೊಂದರೆ ಎಂದು ಕೇಳಿದರು. ನಾನು ಹೊಲದಲ್ಲಿ ಕೂಗುವಷ್ಟು ಗಟ್ಟಿಯಾಗಿ ಹೇಳಿದೆ. ಮುಟ್ಟು ಎಂದೆ. ನಿಂತಿದ್ದದ್ದು ಮತ್ತೆ ಬಂದಿದೆ ಎಂದೆ. ಎಷ್ಟು ಬಟ್ಟೆ ನೆನೆಯುತ್ತದೆ, ಗಡ್ಡೆ ಗಡ್ಡೆಯಾಗಿ ಬೀಳುತ್ತದೋ ನೀರಾಗಿ ಹೋಗುತ್ತದೋ, ವಾಸನೆ ಹೇಗಿದೆ, ಅವರು ಕೇಳಿದ್ದಕ್ಕೆಲ್ಲ ಒಂದೂ ನುಂಗದೆ ಉತ್ತರ ಕೊಟ್ಟೆ. ಮೊದಲು ಪ್ರಭುದೇವ್ ಎದ್ದ. ಆಮೇಲೆ ದೊಡ್ಡರಂಗಪ್ಪ ಟವೆಲ್ ಕೊಡವಿಕೊಂಡು ಇಳಿದ. ನೋಡನೋಡುತ್ತಲೇ ಕಟ್ಟೆ ಖಾಲಿಯಾಯಿತು. ಸಹನಾ ಬೇಡಿಕೊಂಡರೂ ಕದಲದವರು ನಾಲ್ಕು ಮಾತಿಗೇ ಓಡಿದರು. ಭಾವ ಮಾತ್ರ ಗುಡಿಯ ಕಡೆ ಮುಖ ಮಾಡಿ ನಿಂತೇ ಇದ್ದರು. ಮಲ್ಲೇಶನೂ ಇದ್ದ.

“ಮತ್ತೆ ಗ್ಯಾಸು ಅಂತ ಹೇಳಿದ್ರಲ್ಲಮ್ಮ?” ಎಂದರು ಡಾಕ್ಟರು.

“ನಾನ್ ಹೇಳಿಲ್ಲ ಕಣಮ್ಮ, ನನ್ನ ಮಗ ಹೇಳವ್ನೆ. ಅವನಿಗೆ ಗರ್ಭಕೋಶ ಇಲ್ಲ.”

ಡಾಕ್ಟರು ನಗಲಿಲ್ಲ. ನಾಳೆಯೇ ಬರಬೇಕು ಎಂದು ಚೀಟಿ ಕಳಿಸಿದರು. ಮಧುಗಿರಿಯಲ್ಲಿ ಅವರೇ ನೋಡಿದರು, ಒಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದೇ ಬಂತು. ಇನ್ನೂ ಗರ್ಭಕೋಶ ಬಿಟ್ಟು ಆಚೆ ಹೋಗಿಲ್ಲ, ಇನ್ನಷ್ಟು ದಿನ ಹೊಟ್ಟೆನೋವಿನ ಮಾತ್ರೆ ನುಂಗಿಕೊಂಡಿದ್ದರೆ ಹೋಗಿರುತ್ತಿತ್ತು ಎಂದರು. ತುಮಕೂರಿನಲ್ಲಿ ಆಪರೇಷನ್ ಆಯಿತು. ಮಲ್ಲೇಶ ನನ್ನ ಮಂಚದ ಪಕ್ಕ ನೆಲದ ಮೇಲೆಯೇ ಮಲಗಿದ್ದ. ಒಂದು ದಿನ ಇದ್ದಕ್ಕಿದ್ದಂತೆ ಅತ್ತ. ನಾನು ತಲೆ ಸವರಿದೆ. ಮನ್ನಿಸಿದ್ದೇನೆ ಎಂದು ಮಾತ್ರ ಹೇಳಲಿಲ್ಲ. ಇನ್ನೂ ಪೂರ್ತಿ ಮನ್ನಿಸಿಲ್ಲ.

ಊರಿಗೆ ಮರಳಿದಾಗ, ನಾವು ಇಳಿದ ಮೇಲೆ ಕಟ್ಟೆಯನ್ನು ಗಂಜಲ ಹಾಕಿ ತೊಳೆದರು ಎನ್ನುವ ಸುದ್ದಿಯನ್ನು ಭವ್ಯ ಹೇಳಿದಳು. ಅದರಿಂದ ನನಗೆ ಅಷ್ಟೇನೂ ನೋವಾಗಲಿಲ್ಲ, ನಿರೀಕ್ಷಿಸಿದ್ದೇ. ನೋವಾದದ್ದು ಭಾವ ನೋಡಲು ಬಂದಾಗ. ಮೂಸಂಬಿ ತಂದಿದ್ದರು. ಬಾಗಿಲ ಹೊರಗೆ ಕೂತು ಮಲ್ಲೇಶನ ಮೂಲಕ ಬಹಳ ಒಳ್ಳೆಯ ಮಾತಾಡಿದರು. ಪ್ರಾಣದ ಪ್ರಶ್ನೆಯಾಗಿತ್ತು, ಆಪತ್ತಿನಲ್ಲಿ ಮಾಡಿದ್ದು ತಪ್ಪಲ್ಲ, ಬಸವಣ್ಣ ಕ್ಷಮಿಸುತ್ತಾನೆ, ನಾವೂ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ಇನ್ನು ಮುಂದೆ ಹಳೆಯ ಏರ್ಪಾಡಿನಂತೆಯೇ ನಡೆಯಲಿ. ಈಗ ಮಲ್ಲೇಶನಿಗೂ ಬುದ್ಧಿ ಬಂದಿದೆ, ಯಾರದ್ದೇ ಆಗಲಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಮಲ್ಲೇಶ ತಲೆಯಾಡಿಸಿದ. ನಾನು ಬಿಡಿಸಿದ ಹಣ್ಣನ್ನು ತಿನ್ನುತ್ತ ಕೇಳಿಸಿಕೊಂಡೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕ್ಷಮಿಸಿಬಿಟ್ಟರು. ಸಾಯುವ ಹಾಗಿದ್ದರೆ ಮಾತ್ರ ಹತ್ತಬಹುದು ಎನ್ನುವ ಹೊಸ ಕಾನೂನನ್ನು ಮೂಸಂಬಿಯ ಜೊತೆ ಕೊಟ್ಟು ಹೋದರು. ನನ್ನೊಬ್ಬಳಿಗೆ ವಿನಾಯಿತಿ ಕೊಟ್ಟು, ಉಳಿದ ಹೆಂಗಸರ ಮುಂದೆ ಮತ್ತೆ ಬಾಗಿಲು ಹಾಕಿದ್ದರು. ನನ್ನ ಕ್ಯಾನ್ಸರೇ ಆ ಬಾಗಿಲಿನ ಅಗುಳಿಯಾಗಿತ್ತು.

ಹೊಲಿಗೆ ಒಣಗುವವರೆಗೆ ಕಾದೆ. ಓಡಾಡಬಹುದು ಎಂದು ಡಾಕ್ಟರು ಹೇಳಿದ ಮೇಲೆ ಬಂದ ಗುರುವಾರ, ಹೊಟ್ಟೆಗೆ ಬೆಲ್ಟು ಬಿಗಿದು ಮನೆಯಿಂದ ಹೊರಟೆ. ಒಂದು ಕಡೆ ಭವ್ಯ, ಇನ್ನೊಂದು ಕಡೆ ಚಿಕ್ಕಹನುಮಕ್ಕ. ಹನುಮಕ್ಕನನ್ನು ಒಪ್ಪಿಸುವುದಕ್ಕೆ ಎರಡು ದಿನ ಹಿಡಿದಿತ್ತು. ಬೇವಿನ ಮರದ ಹತ್ತಿರ ಮತ್ತೆ ನಿಂತಳು, “ಬ್ಯಾಡ ಬುಡ್ರಮ್ಮಾ, ನಾನ್ ಇಲ್ಲೇ ಕುಂತಿರ್ತೀನಿ,” ಎಂದಳು. ಇಲ್ಲಿ ಕೂತರೆ ನಿನಗೆ ಗ್ಯಾಸೇ ಎಂದೆ. ನಕ್ಕಳು. ನಕ್ಕ ಮೇಲೆ ಅವಳಿಗೆ ಧೈರ್ಯ ಬಂತು.

ಮೆಟ್ಟಿಲು ಹತ್ತಲು ನನಗೂ ಹನುಮಕ್ಕನಿಗೂ ಬಹಳ ಹೊತ್ತಾಯಿತು. ಕಟ್ಟೆಯ ಮೇಲಿದ್ದವರು ಕೆಮ್ಮಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಹನಾ ನನ್ನ ಹಿಂದೆಯೇ ಬಂದು ಮಲ್ಲೇಶನ ಕೈಯಿಂದ ಟ್ಯಾಬು ತೆಗೆದುಕೊಂಡಳು. ಅವನು ಎದ್ದು, ತಾನು ಕೂತಿದ್ದ ಚಾಪೆಯನ್ನು ನನಗೆ ಹಾಸಿದ.

ಭಾವ ನನ್ನನ್ನೇ ನೋಡಿದರು. ಮರವನ್ನಲ್ಲ, ಮಲ್ಲೇಶನನ್ನಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನಗೇ ಎಂದು ಒಂದು ಮಾತು ಆಡಿದರು.

“ಈಗೇನಮ್ಮ ಅಂಥಾ ಆಪತ್ತು?”

ಟ್ಯಾಬಿನೊಳಗಿಂದ ಡಾಕ್ಟರೂ ಅದನ್ನೇ ಕೇಳುತ್ತಿದ್ದರು, ಏನು ತೊಂದರೆ ಶಿವರುದ್ರಮ್ಮ ಎಂದು.

“ಏನೂ ಇಲ್ಲ,” ಎಂದೆ, ಇಬ್ಬರಿಗೂ ಸೇರಿಸಿ. “ಚೆನ್ನಾಗಿದೀನಿ. ಅದ್ನ ಹೇಳೋಕೇ ಹತ್ತಿದ್ದು.”

ಹೇಳಿ ಇಳಿಯಲಿಲ್ಲ. ಸ್ವಲ್ಪ ಸರಿದು ಕೂತು, ಚಾಪೆಯ ಮೇಲೆ ಚಿಕ್ಕಹನುಮಕ್ಕನಿಗೆ ಜಾಗ ಮಾಡಿದೆ.